ಇಲಿ ಇಲ್ಲದ ಮನೆ

ನಾನು ಹುಟ್ಟಾ ಪುಕ್ಕಲಿ. ಗುಡುಗಿಗೆ, ಹೋರಿಗೆ, ನಾದಿನಿಯ ಬಾಯಿಗೆ, ಎಲ್ಲಕ್ಕೂ ಹೆದರಿಕೊಂಡೇ ಬಾಳಿದವಳು. ಮನೆಯಲ್ಲಿ ಎಲ್ಲರೂ ಅದನ್ನಾಡಿಕೊಂಡು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಬೆಂಗಳೂರಿನಲ್ಲಿ ಹನ್ನೆರಡು ದಿನ ಪಟ್ಟ ಹೆದರಿಕೆಯ ಬಗ್ಗೆ ಮಾತ್ರ ನನಗೆ ಇವತ್ತಿಗೂ ನಗು ಬರುವುದಿಲ್ಲ. ಅದನ್ನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ.

ನನ್ನ ತವರು ಚಳ್ಳಕೆರೆ, ಕೊಟ್ಟದ್ದು ಮೊಳಕಾಲ್ಮೂರಿಗೆ. ಮಗಳಿಗೆ ನಾಲ್ಕು ತುಂಬಿದ ವರ್ಷ ಕಣ್ಣುಬೇನೆ ಬಂತು. ನೋಡನೋಡುತ್ತಿದ್ದಂತೆ ಎಡಗಣ್ಣಿನ ಮೇಲೆ ಬಿಳಿ ಹೂ ಕೂತಿತು. ನಂದಿಬಟ್ಟಲ ಹೂವಿನ ರಸ ಬಿಟ್ಟದ್ದಾಯಿತು, ಬಾಣಂತಿಯರ ಎದೆಹಾಲು ಬಿಟ್ಟದ್ದಾಯಿತು. ಬಲಗಣ್ಣೂ ಕೆಂಪಡರಿ ಸುರಿಯತೊಡಗಿತು. ಬೆಳಕು ಬಿದ್ದರೆ ಸಾಕು, ಮಗು ಕಿರುಚಿ ನನ್ನ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಬೆಂಗಳೂರಿನಲ್ಲಿ ಕಣ್ಣಿಗೆಂದೇ ಒಂದು ಆಸ್ಪತ್ರೆ ಇದೆಯೆಂದು ಸೀರೆ ವ್ಯಾಪಾರಕ್ಕೆ ಬಂದವರು ಯಾರೋ ಹೇಳಿದರು.

"ಹೆಣ್ಣು ಮಗೀನ ಕಣ್ಣಿಗೆ ಬೆಂಗ್ಳೂರ್ ಗಂಟ ಹೋಗ್ಬೇಕಾ? ಒಂದು ಕಣ್ಣು ನೆಟ್ಟಗಿದ್ರೆ ಸಾಲ್ದಾ?" ಎಂದರು ಅತ್ತೆ. ಆ ಒಂದು ಕಣ್ಣೇ ಹೋಗುತ್ತಿದೆಯೆಂದು ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ಗಂಡನಂತೂ ತಾಯಿಯ ಎದುರು ಉಸಿರೆತ್ತುವವನಲ್ಲ. ನಾನು ಅಪ್ಪನಿಗೆ ಹೇಳಿಕಳಿಸಿದೆ. ನಾಲ್ಕನೆಯ ದಿನ ಅಪ್ಪನ ಗಾಡಿ ಬಾಗಿಲಿಗೆ ಬಂತು. ಒಳಗೆ ಬಂದು ನೀರು ಕೂಡ ಕುಡಿಯದೆ, "ಮಗೀನ ಎತ್ಕೊಳ್ಳವ್ವ, ಹೊತ್ತಾಗ್ತೈತೆ" ಎಂದ.

ಅಪ್ಪ ದವಸದ ವ್ಯಾಪಾರಿ. ಜೋಳ, ನವಣೆ, ಹುರುಳಿ ಅವನ ಕೈಯಲ್ಲಿ ಹಾದುಹೋಗುತ್ತಿದ್ದವು. ಅಳತೆಯಲ್ಲಿ ಒಂದು ಕಾಳು ಆಚೀಚೆ ಮಾಡಿದವನಲ್ಲ, ಆಡಿದ ಮಾತನ್ನು ತಿರುಗಿಸಿದವನಲ್ಲ. ಆ ಕಾರಣಕ್ಕೇ ಅವನ ಜೊತೆ ವಾದ ಮಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ತಾನು ಹೇಳಿದ್ದೇ ಸರಿ ಎನ್ನುವವನು, ಮತ್ತು ಮುಕ್ಕಾಲು ಪಾಲು ಅದು ಸರಿಯೂ ಆಗಿರುತ್ತಿತ್ತು.

ಗಾಡಿ, ಆಮೇಲೆ ರೈಲು. ಆಗ ಬೆಂಗಳೂರಿನಲ್ಲಿ ಪ್ಲೇಗಿನ ಕಾಲ, ರೈಲು ಇಳಿದ ಕೂಡಲೇ ತಪಾಸಣೆ. ಒಬ್ಬ ದಾದಿ ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಪ್ಲೇಗಿನ ಗಂಟಿದೆಯೇ ಎಂದು ಕಂಕುಳು ಒತ್ತಿ ನೋಡಿದಳು. ನಾಚಿಕೆಗಿಂತ ಭಯವೇ ಹೆಚ್ಚಾಗಿ ನಾನು ಮರಗಟ್ಟಿ ನಿಂತೆ. ಅಪ್ಪನ ಕೈಗೆ ಒಂದು ಚೀಟಿ ಕೊಟ್ಟರು. ಊರೊಳಗೆ ಎಲ್ಲಿ ಇಳಿದುಕೊಳ್ಳುತ್ತೇವೋ ಆ ಬೀದಿಯ ಹೆಸರನ್ನು ಅಲ್ಲಿಯ ಚಾವಡಿಯಲ್ಲಿ ಅದರ ಮೇಲೆ ಬರೆಸಬೇಕು. ಚೀಟಿ ಗಂಡಸಿನ ಹೆಸರಿಗೆ ಮಾತ್ರ. ಹೆಂಗಸು ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಇಳಿದುಕೊಳ್ಳುವ ಜಾಗ ಹುಡುಕಿದ್ದು ಮೂರು ಕಡೆ. ಸ್ಟೇಷನ್ನಿನ ಹತ್ತಿರವೇ ನಮ್ಮವರ ಛತ್ರವೊಂದಿತ್ತು. ಬಾಡಿಗೆಯ ಮಾತೇ ಇಲ್ಲ. ಆದರೆ ಕಣ್ಣಾಸ್ಪತ್ರೆ ಅಲ್ಲಿಗೆ ಬಲು ದೂರ. ದಿನವೂ ಆ ಬಿಸಿಲಲ್ಲಿ ಮಗುವನ್ನು ಕಂಬಳಿ ಮುಸುಕಿ ಹೊತ್ತುಕೊಂಡು ಹೋಗುವುದಾಗಲಿ ಜಟಕಾದಲ್ಲಿ ಕುಲುಕಿಸಿಕೊಂಡು ಹೋಗುವುದಾಗಲಿ ಆಗದ ಮಾತು. ಮೇಲಾಗಿ ಅಪ್ಪ ಅಲ್ಲಿ ಕಾಲಿಟ್ಟ ಕೂಡಲೇ ಒಂದು ಹೆಗ್ಗಣ ಅವನ ಮುಂದೆಯೇ ನಿಧಾನವಾಗಿ ಅಡ್ಡ ಹೋಯಿತು. ಎರಡನೆಯದು ಹೋಟೆಲು. ಆಗ ಅದೊಂದು ಹೊಸ ಸೋಜಿಗ. ದುಡ್ಡು ಕೊಟ್ಟರೆ ಕೆಳಗೆ ಊಟ, ಮೇಲೆ ಅಟ್ಟದಲ್ಲಿ ಮಲಗಲು ಜಾಗ. ಎಲ್ಲಿಂದಲೋ ಬಂದ ಗಂಡಸರು ಸಾಲಾಗಿ ಮಲಗಿದ್ದನ್ನು ನೋಡಿ ನಾನು ಮಗುವನ್ನು ಎದೆಗೊತ್ತಿಕೊಂಡು ಮೆಟ್ಟಿಲಿನಲ್ಲೇ ನಿಂತುಬಿಟ್ಟೆ. ಅಪ್ಪ ಅಡುಗೆಮನೆ ಇಣುಕಿ ಬಂದು, "ಗೋಡೆ ತುಂಬ ಬಿಲ. ಇಲ್ಲಿ ಒಂದು ಸೇರು ಜೋಳಾನೂ ಇಡಬಾರ್ದು" ಎಂದ. ಅವನ ಕಣ್ಣಿಗೆ ಎಲ್ಲವೂ ಉಗ್ರಾಣವೇ. ದವಸ ಇಡಲು ಕೋಣೆ ಹಿಡಿಯುವಾಗ ಅವನು ಮೂಲೆಮೂಲೆಗೆ ಕೈಯಿಟ್ಟು, ಮೂಸಿ, ಕೋಲಿನಿಂದ ಗೋಡೆ ಬಡಿದು, ಇಲಿಯ ಹಿಕ್ಕೆ ಒಂದು ಕಂಡರೂ ಎದ್ದು ಬರುತ್ತಿದ್ದ. ಅದೇ ಅವನಿಗೆ ಗೊತ್ತಿದ್ದ ಪರೀಕ್ಷೆ.

ಮೂರನೆಯದು ಪೇಟೆಯ ದವಸದ ಬೀದಿಯಲ್ಲಿ ಒಂದು ಮನೆ. ಆಸ್ಪತ್ರೆಗೆ ಕೂಗಳತೆ. ಹೊರಗಿನ ವ್ಯಾಪಾರಿಗಳಿಗೆಂದು ಬಾಡಿಗೆಗೆ ಬಿಡುತ್ತಿದ್ದರಂತೆ. ಕಾವಲಿಗಿದ್ದ ಮುದುಕಿ ಕೇಳಿದ ಬಾಡಿಗೆ ನಂಬಲಾಗದಷ್ಟು ಕಡಿಮೆ. ಹೊಸ ಸುಣ್ಣದ ಗೋಡೆ, ತೊಳೆದ ಚಪ್ಪಡಿ. ಅಪ್ಪ ಮೂಸಿದ, ಬಡಿದ, ಮೂಲೆಗಳಲ್ಲಿ ಕೈಯಾಡಿಸಿದ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

"ದವಸದ ಬೀದ್ಯಾಗೆ ಇಲಿ ಇಲ್ಲದ ಮನೆ! ನನ್ನ ಜಲ್ಮದಾಗೆ ನೋಡಿಲ್ಲ ಕಣವ್ವ" ಎಂದ. ಹೋಗಿ ಚಾವಡಿಯಲ್ಲಿ ಚೀಟಿಗೆ ಬೀದಿಯ ಹೆಸರು ಬರೆಸಿಕೊಂಡೂ ಬಂದ. ಆಸ್ಪತ್ರೆಯಲ್ಲಿ ಹೊಸಬರನ್ನು ನೋಡುವುದು ಬೆಳಿಗ್ಗೆ ಮಾತ್ರ ಎಂದು ತಿಳಿದದ್ದರಿಂದ ಅವತ್ತು ಅಲ್ಲೇ ಮಲಗಿದೆವು.

ಮಲಗುವ ಮುಂಚೆ ಮಗಳು ಮಂಡಕ್ಕಿ ತಿನ್ನುತ್ತ ಅರ್ಧ ಚೆಲ್ಲಿದ್ದಳು. ನನಗೂ ಸುಸ್ತು, ಗುಡಿಸಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಚೆಲ್ಲಿದ ಮಂಡಕ್ಕಿ ಚೆಲ್ಲಿದ ಹಾಗೆಯೇ ಇತ್ತು. ಪಕ್ಕದಲ್ಲಿ ರೊಟ್ಟಿಯ ಗಂಟು ಬಾಯಿ ಬಿಚ್ಚಿಕೊಂಡೇ ಬಿದ್ದಿತ್ತು, ಒಂದು ರೊಟ್ಟಿಯ ಅಂಚೂ ಹರಿದಿರಲಿಲ್ಲ. ನಮ್ಮ ಮನೆಯಲ್ಲಾದರೆ ನೆಲುವಿಗೆ ತೂಗುಹಾಕಿದ ರೊಟ್ಟಿಯನ್ನೂ ಇಲಿಗಳು ಬಿಡುವುದಿಲ್ಲ. ಚಪ್ಪಡಿಗಳ ಸಂದಿನಲ್ಲಿ ನೋಡಿದೆ. ರಾಗಿ, ಕಡಲೆ, ಹಳೆಯ ಕಾಳುಗಳು ಎಷ್ಟೋ ದಿನದಿಂದ ಹಾಗೇ ಬಿದ್ದಿದ್ದವು. ಬೀದಿ ತುಂಬ ದವಸದ ಮೂಟೆ, ಇಲ್ಲಿ ತಿನ್ನುವವರೇ ಇಲ್ಲ. ಮೇಲೆ ನೋಡಿದೆ. ಕೋಣೆಯ ನಡುಮಧ್ಯೆ ಮಾಡಿನ ಹೆಂಚು ಬೇರೆ ಬಣ್ಣದ್ದಿತ್ತು, ಹೊಸದು.

ಹಿತ್ತಲಿನಲ್ಲಿ ಮುದುಕಿ ಪಾತ್ರೆ ಬೆಳಗುತ್ತಿದ್ದಳು. "ಅಜ್ಜೀ, ಮಾಡಿನ ಹೆಂಚು ಯಾಕೆ ತೆಗ್ಸಿದ್ರಿ?" ಎಂದು ಕೇಳಿದೆ. ಅವಳು ಬೂದಿಯ ಕೈ ನಿಲ್ಲಿಸಿದಳು.

"ಸರ್ಕಾರದೋರು ತೆಗೆದ್ರಮ್ಮ. ಬಿಸಿಲು ಬಿಡ್ಸಿ, ಮದ್ದು ಹೊಡೆದು, ಸುಣ್ಣ ಬಳಿದು ಹೋದ್ರು. ಎರಡು ತಿಂಗಳಾಯ್ತು. ಈಗೇನೂ ಇಲ್ಲ."

"ಎಷ್ಟು ಜನ ಹೋದ್ರು ಅಜ್ಜೀ?"

ಮೂರು ಬೆರಳು ತೋರಿಸಿದಳು. ಆಮೇಲೆ ನಾನು ಕೇಳದಿದ್ದರೂ ಪಕ್ಕದ ಮನೆಯ ಗೋಡೆಯ ಕಡೆ ನೋಡಿ, "ಆ ಮನೇಲಿ ಮೊನ್ನೆ ಒಬ್ರು. ಯಾರ್ಗೂ ಹೇಳ್ಬೇಡಮ್ಮ, ಎಲ್ರನ್ನೂ ಎಳ್ಕೊಂಡ್ ಹೋಗ್ತಾರೆ" ಎಂದಳು.

ನಾನು ಒಳಗೆ ಓಡಿದೆ. ಅಪ್ಪ ಆಗಲೇ ಎದ್ದು ವಿಭೂತಿ ಹಚ್ಚಿಕೊಳ್ಳುತ್ತಿದ್ದ. ನನ್ನ ಮಾತು ಕೇಳಿ ಮೊದಲು ರೇಗಿದ.

"ನಿಂದೊಂದು ಪುಕ್ಕಲು! ಇಲಿ ಸತ್ತು ಬಿದ್ರೆ ಊರು ಬಿಡ್ಬೇಕು ಅಂತ ನಂಗೂ ಗೊತ್ತೈತೆ. ಮೂಲೆಮೂಲೆ ನೋಡೀನಿ. ಒಂದು ಇಲೀನಾದ್ರೂ ಬಿದ್ದೈತಾ?"

"ಬೀಳಾಕೆ ಇಲಿ ಎಲ್ಲೈತಪ್ಪಾ? ಎಲ್ಲಾ ಬಿದ್ದು ಮುಗ್ದೋಗ್ಯಾವೆ."

ಅಪ್ಪನ ಎದುರು ನಾನು ದನಿಯೆತ್ತಿದ್ದು ಅದೇ ಮೊದಲು. ಅವನು ನನ್ನನ್ನೇ ನೋಡಿದ, ಆಮೇಲೆ ನೆಲದ ಮಂಡಕ್ಕಿ ನೋಡಿದ. ಹಣೆಯ ಮೇಲಿದ್ದ ಮೂರು ಬೆರಳು ಅಲ್ಲೇ ನಿಂತವು. ಬದುಕಿಡೀ ಕೈ ಹಿಡಿದ ಪರೀಕ್ಷೆಯೇ ಅವನನ್ನು ಈ ಮನೆಗೆ ತಂದು ಹಾಕಿತ್ತು. ಹಾಸಿಗೆ ಸುತ್ತಲು ಹೋದ ನನ್ನನ್ನು, "ಬಿಡು, ಮುಟ್ಬ್ಯಾಡ, ಮಗೀನ ಎತ್ಕೊ" ಎಂದು ತಡೆದ. ಕಂಬಳಿ, ಬುತ್ತಿ, ಎಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಬಿದ್ದೆವು. ಮೂಲೆಮೂಲೆಗೆ ಕೈಯಿಟ್ಟವನು ತಾನೆಂದೋ ಏನೋ, ಬೀದಿಯಲ್ಲಿ ಅವನು ನಮ್ಮಿಂದ ಹತ್ತು ಮಾರು ಹಿಂದೆಯೇ ನಡೆದ. ಮಗು ತಾತ ಬೇಕೆಂದು ಅತ್ತರೂ ಹತ್ತಿರ ಬರಲಿಲ್ಲ.

ಹೋದದ್ದು ಆ ಮೊದಲನೆಯ ಛತ್ರಕ್ಕೇ. ಹೊತ್ತಾಗಿಹೋಗಿದ್ದರಿಂದ ಆಸ್ಪತ್ರೆ ಮಾರನೆಯ ದಿನಕ್ಕೆ ಬಿತ್ತು. ಬಾವಿಯ ಹತ್ತಿರ ಮಗುವನ್ನೂ ಬಟ್ಟೆಯನ್ನೂ ತಿಕ್ಕಿ ತಿಕ್ಕಿ ತೊಳೆದೆ, ನನ್ನನ್ನೂ ತೊಳೆದುಕೊಂಡೆ. ಇಲಿಗಳು ಹಾಡುಹಗಲೇ ಜಂತೆಯ ಮೇಲೆ ಓಡಾಡುತ್ತಿದ್ದವು. ಅವು ಓಡುವ ಸದ್ದು ಕೇಳಿದಾಗಲೆಲ್ಲ, ದೇವರೇ ಇವು ಹೀಗೇ ಓಡುತ್ತಿರಲಿ ಎಂದುಕೊಳ್ಳುತ್ತಿದ್ದೆ. ಅಪ್ಪ ದಿನವಿಡೀ ಜಗಲಿಯ ತುದಿಯಲ್ಲಿ ಕೂತೇ ಇದ್ದ.

ಮಾರನೆಯ ಬೆಳಿಗ್ಗೆ ಮಗುವಿನ ಬಲಗಣ್ಣು ಕೀವು ಕಟ್ಟಿ ತೆರೆಯಲಾಗದಂತೆ ಅಂಟಿಕೊಂಡಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಗುಮಾಸ್ತ ಚೀಟಿ ಕೇಳಿದ. ನೋಡಿದವನೇ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಈ ಬೀದೀಲಿ ನಿನ್ನೆ ಮತ್ತೆ ಪ್ಲೇಗು ಸಿಕ್ಕಿದೆ. ಅಲ್ಲಿ ಇಳಿದವರು ಹತ್ತು ದಿನ ಪ್ಲೇಗಿನ ಶೆಡ್ಡಿನಲ್ಲಿರಬೇಕು. ಆಮೇಲೆ ಬನ್ನಿ."

ಹತ್ತು ದಿನ! ಅಷ್ಟರಲ್ಲಿ ಕಣ್ಣೆಲ್ಲಿ ಉಳಿಯುತ್ತದೆ? ಶೆಡ್ಡೆಂದರೆ ಊರಾಚೆಯ ತಡಿಕೆಯ ಗುಡಿಸಲುಗಳು. ಅಲ್ಲಿ ಸೋಂಕಿಲ್ಲದೆ ಹೋದವರಿಗೂ ಸೋಂಕು ಹತ್ತುತ್ತದೆಂದು ರೈಲಿನಲ್ಲಿ ಜನ ಆಡಿಕೊಂಡಿದ್ದರು. ಅಪ್ಪ ಮುಂದೆ ಬಂದ.

"ಆ ಚೀಟಿ ನಂದು ಸ್ವಾಮಿ. ದವಸದ ವ್ಯಾಪಾರಕ್ಕೆ ಅಂತ ನಾನೊಬ್ನೇ ಆ ಮನ್ಯಾಗೆ ಮಲಗಿದ್ದೆ. ಇವ್ರಿಬ್ರೂ ಛತ್ರದಾಗಿದ್ರು. ಇವ್ರು ಆ ಬೀದಿ ತುಳ್ದಿಲ್ಲ."

ಅಪ್ಪನ ಬಾಯಿಂದ ಸುಳ್ಳು ಬಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಗುಮಾಸ್ತ ನನ್ನ ಕಡೆ ತಿರುಗಿ, "ಹೌದೇನಮ್ಮಾ?" ಎಂದ.

ನಾನು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು. ಮಗುವನ್ನು ಒಳಗೆ ತೆಗೆದುಕೊಂಡರು. ಅಪ್ಪನನ್ನು ಒಬ್ಬ ಪೇದೆ ದೂರದಿಂದಲೇ ಕೋಲು ತೋರಿಸಿ ಹೊರಡಿಸಿದ. ಅವನು ಮಗುವಿನ ತಲೆ ಕೂಡ ಮುಟ್ಟಲಿಲ್ಲ. "ಹೋಗವ್ವ, ಒಳಕ್ಕೆ ಹೋಗು" ಎಂದು ಹೊರಟುಹೋದ.

ಆ ವಾರ್ಡಿನಲ್ಲಿ ನಮ್ಮದೂ ಸೇರಿ ಏಳು ಮಕ್ಕಳು, ಅವರ ತಾಯಂದಿರು. ದಿನವೂ ಬೆಳಿಗ್ಗೆ ಯಾರೂ ನೋಡದ ಹಾಗೆ ಮಗಳ ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದೆ, ಆಮೇಲೆ ನನ್ನದು. ಗಂಟಿಲ್ಲ ಎಂದು ತಿಳಿದ ಮೇಲೆಯೇ ಉಸಿರು ಬಿಡುತ್ತಿದ್ದದ್ದು. ಪಕ್ಕದ ಮಂಚದ ತಾಯಿ ಒಳ್ಳೆಯವಳು. ತನ್ನ ಮಗನ ಮರದ ಬುಗುರಿಯನ್ನು ನಮ್ಮವಳಿಗೆ ಕೊಡಲು ಬಂದಳು. ನಾನು "ಬ್ಯಾಡ, ಬ್ಯಾಡ" ಎಂದು ಕೈಯಡ್ಡ ಹಿಡಿದೆ. ಅವಳ ಮುಖ ಚಿಕ್ಕದಾಯಿತು. ನಾನು ಮಡಿವಂತಿಕೆಯವಳು, ಜಾತಿಯ ಜಂಬದವಳು ಎಂದು ಅವರೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮಾತಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ನಿನ್ನ ಮಗನ ಜೀವಕ್ಕೆ ಹೆದರಿ ಬೇಡವೆಂದೆ ಅಂತ ಹೇಗೆ ಹೇಳಲಿ? ಹೇಳಿದರೆ ನನ್ನ ಮಗಳನ್ನು ಬೀದಿಗೆ ಹಾಕುತ್ತಾರೆ. ಹೇಳದಿದ್ದರೆ ಇವಳ ಮಗ ಸತ್ತರೂ ಸಾಯಬಹುದು. ಎರಡೂ ಗೊತ್ತಿದ್ದು ನಾನು ಬಾಯಿ ಮುಚ್ಚಿಕೊಂಡೇ ಇದ್ದೆ.

ಐದನೆಯ ದಿನ ಸಂಜೆ ಮಗಳಿಗೆ ಜ್ವರ ಬಂತು. ಮೈ ಸುಡುತ್ತಿತ್ತು. ನಾನು ಅವಳನ್ನು ಗೋಡೆಯ ಕಡೆ ತಿರುಗಿಸಿ, ನನ್ನ ಬೆನ್ನನ್ನು ಉಳಿದ ಮಕ್ಕಳಿಗೆ ಅಡ್ಡ ಮಾಡಿ ಕೂತೆ. ಪ್ಲೇಗಿನ ಜ್ವರಕ್ಕೆ ನನ್ನ ಬೆನ್ನು ಅಡ್ಡವಾಗುತ್ತದೆಯೇ! ಆದರೆ ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ? ಡಾಕ್ಟರು ಬಂದು ನೋಡಿ, ಕಣ್ಣಿನ ಕೀವಿನ ಜ್ವರ, ಇಳಿಯುತ್ತದೆ ಎಂದರು. ಇಳಿಯಿತು. ಮೂರು ದಿನ ಕಳೆದ ಮೇಲೆ ಕಣ್ಣಿಗೆ ಮದ್ದಿಟ್ಟು ಕಟ್ಟಿದ್ದ ಬಟ್ಟೆ ಬಿಚ್ಚಿದರು. ಎಡಗಣ್ಣಿನ ಹೂ ಹೋಗಲಿಲ್ಲ, ಹೋಗುವುದೂ ಇಲ್ಲ ಎಂದರು. ಬಲಗಣ್ಣು ಉಳಿದಿತ್ತು. ಕಿಟಕಿಯಾಚೆಯ ಕಾಗೆಯನ್ನು ಅವಳು ಬೆರಳು ಮಾಡಿ ತೋರಿಸಿದಾಗ ನಾನು ಅತ್ತುಬಿಟ್ಟೆ. ಕಣ್ಣು ಉಳಿಸಿಕೊಂಡದ್ದಾಯಿತು, ಅಪ್ಪ ಬದುಕಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ಶೆಡ್ಡಿನಿಂದ ಯಾವ ಸುದ್ದಿಯೂ ಬರುತ್ತಿರಲಿಲ್ಲ. ಕೇಳಲು ಹೋದರೆ ನಮ್ಮ ಸುಳ್ಳು ಹೊರಬೀಳುತ್ತದೆಂದು ಕೇಳಲೂ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಜವಾನ ಬಂದು, ನಿಮ್ಮವರು ಯಾರೋ ಗೇಟಿನ ಹತ್ತಿರ ನಿಂತಿದ್ದಾರೆಂದು ಹೇಳಿದ. ಮಗುವನ್ನೆತ್ತಿಕೊಂಡು ಬಿದ್ದೆನೋ ಎದ್ದೆನೋ ಎಂದು ಓಡಿದೆ. ಅಪ್ಪ ಗೇಟಿನಿಂದ ದೂರದಲ್ಲಿ ನಿಂತಿದ್ದ. ಗಡ್ಡ ಬೆಳೆದು, ಕೆನ್ನೆ ಬತ್ತಿ, ಹತ್ತು ವರ್ಷ ಹೆಚ್ಚಾದವನಂತೆ ಕಂಡ. ಮಗಳು "ತಾತಾ!" ಎಂದು ಕೂಗಿ ನನ್ನ ತೋಳಿನಿಂದ ಜಿಗಿಯಲು ನೋಡಿದಳು. ಅಷ್ಟು ದೂರದಿಂದ ಅವಳು ತನ್ನನ್ನು ಗುರುತು ಹಿಡಿದದ್ದನ್ನು ಅಪ್ಪ ನೋಡಿದ. ಆದರೂ ಕೈ ಚಾಚಲಿಲ್ಲ. ಕಣ್ಣು ಹೇಗಿದೆ ಎಂದು ಕೇಳಲಿಲ್ಲ, ನೀನು ಹೇಗಿದ್ದೀಯೆಂದು ನನ್ನನ್ನೂ ಕೇಳಲಿಲ್ಲ.

"ಒಳಗಡೆ ಬ್ಯಾರೆ ಮಕ್ಳು ಇದ್ವಲ್ಲವ್ವ," ಎಂದ. "ಯಾವ್ದಾದ್ರೂ ಮಗೀಗೆ ಜ್ವರ ಬಂತಾ?"

"ಇಲ್ಲಪ್ಪಾ."

"ಒಂದಕ್ಕೂ?"

"ಒಂದಕ್ಕೂ ಇಲ್ಲ. ಆರೂ ಚೆನ್ನಾಗವೆ. ನಾನೇ ದಿನಾ ನೋಡ್ತಿದ್ದೆ."

ಅವನು ಗೇಟಿನ ಹತ್ತಿರಕ್ಕೆ ಬಂದ. ಆಮೇಲೆ ಮಗುವಿಗೆ ಕೈ ಚಾಚಿದ.