ಗೇಟಿನ ತಾತ ಓದಿಸಿದ ಅಧ್ಯಾಯ

ಗೇಟಿನ ತಾತನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಸತ್ಯವೇದದ ಒಂದೊಂದು ಸಾಲಿನ ಕೆಳಗೂ ಇಟ್ಟು ನಿಧಾನವಾಗಿ ಓದುತ್ತಿದ್ದರು. ರೈಲ್ವೆ ಗೇಟು ಕಾಯುವ ಕೆಲಸದಿಂದ ನಿವೃತ್ತರಾಗಿ ತಿಪಟೂರಿನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿದ್ದರು. ಎರಡು ರೈಲುಗಳ ನಡುವಿನ ಬಿಡುವಿನಲ್ಲೇ ಆ ಬೈಬಲನ್ನು ಎಷ್ಟೋ ಸಲ ಮುಗಿಸಿದ್ದರಂತೆ.

ಪ್ರತಿ ಶುಕ್ರವಾರ ಸಂಜೆ ನಮ್ಮ ಚರ್ಚಿನ ಸಭೆಯ ನಾಲ್ಕೈದು ಮನೆಯವರನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು. ಹೆಂಡತಿಯ ಬಲವಂತಕ್ಕೆ ನಾನೂ ಕೂರುತ್ತಿದ್ದೆ. ನಾನು ಹುಟ್ಟಿನಿಂದ ಕ್ರೈಸ್ತ, ಕಸುಬಿನಿಂದ ಕೊಬ್ಬರಿ ವ್ಯಾಪಾರಿ. ಕಸುಬು ಕಲಿಸಿದ್ದು ಅನುಮಾನವನ್ನು. ಪುಕ್ಕಟೆ ಕಲಿಸುವ ಈ ಮನುಷ್ಯನಿಗೆ ಏನು ಬೇಕಿರಬಹುದು? ಸಭೆಯ ಕಮಿಟಿಗೆ ನಿಲ್ಲುತ್ತಾರೋ, ಮೊಮ್ಮಗಳಿಗಾಗಿ ನನ್ನ ಮಗನ ಮೇಲೆ ಕಣ್ಣೋ? ಒಮ್ಮೆ ಕೇಳಿಯೇಬಿಟ್ಟೆ.

"ಕಾಫಿ ಬೇಕು ಕಣಪ್ಪ," ಎಂದರು. "ನಿಮ್ಮನೇಲಿ ಚೆನ್ನಾಗ್ ಮಾಡ್ತಾರೆ. ಅನುಮಾನ ಬುಡಬ್ಯಾಡ. ಅದೂ ನಿನ್ ಪಕ್ದಲ್ಲಿ ಕೂತ್ಕಂಡು ಓದ್ಲಿ."

ಒಂದು ಭಾನುವಾರ ಊರೂರು ತಿರುಗುವ ಬೋಧಕನೊಬ್ಬ ಸಭೆಗೆ ಬಂದ. ನನ್ನ ಹೆಂಡತಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಕ್ಕೆರಡು ಮಾತ್ರೆ ತಪ್ಪುವಂತಿರಲಿಲ್ಲ. ಬೋಧಕ, ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎಂಬ ಒಂದೇ ಸಾಲು ಓದಿ, ಮಾತ್ರೆ ನುಂಗುವುದು ದೇವರಿಗೆ ಮಾಡುವ ಅವಮಾನ ಎಂದ. ಅವಳು ಮಾತ್ರೆ ನಿಲ್ಲಿಸಿದಳು. ನಾನು ತಡೆಯಲಿಲ್ಲ.

ಇದನ್ನು ಬರೆಯಲು ಈಗಲೂ ನಾಚಿಕೆ. ಚೀಲದ ಬಾಯಲ್ಲಿರುವ ಕೊಬ್ಬರಿ ನೋಡಿ ನಾನು ಯಾವತ್ತೂ ಬೆಲೆ ಹೇಳಿದವನಲ್ಲ. ಚೀಲ ಸುರಿಸಿ, ತಳದ್ದೇ ಎರಡು ಉಂಡೆ ಒಡೆದು, ಒಳಗೆ ಬೂಷ್ಟು ಇದೆಯೇ ಎಂದು ಮೂಸುವವನು. ಅಂಥವನು ಬೋಧಕ ತೋರಿಸಿದ ಒಂದು ಸಾಲನ್ನು ಹಾಗೇ ಹೊತ್ತು ಮನೆಗೆ ತಂದಿದ್ದೆ. ತಾತನ ಮೇಲಿದ್ದ ಅನುಮಾನದಲ್ಲಿ ಕಾಲುಭಾಗವೂ ಅವನ ಮೇಲೆ ಹುಟ್ಟಲಿಲ್ಲ.

ಅದೇ ವಾರ ಶುಕ್ರವಾರ ಬೆಳಿಗ್ಗೆ ಅವಳ ಕೈಯಿಂದ ಲೋಟ ಜಾರಿತು. ಕೈ ಅದುರುತ್ತಿತ್ತು. ತಾತನ ಮನೆಗೆ ಓಡಿದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಚಪ್ಪಲಿ ಮೆಟ್ಟಿದ್ದರು. ದಾರಿಯಲ್ಲಿ ಕೇಳಿದರು:

"ಆ ಸಾಲಿನ್ ಮ್ಯಾಲೇನೈತೆ, ಕೆಳಗೇನೈತೆ, ಓದಿದ್ಯೇನ್ಲಾ?"

"ಇಲ್ಲ ತಾತ."

"ಕೊಬ್ರಿನಾದ್ರೆ ಹಿಂಗ್ ತಗತಿದ್ಯಾ?"

ಮನೆಯಲ್ಲಿ ಹೆಂಡತಿ ಅಳುತ್ತ ಕೇಳಿದಳು: "ಮಾತ್ರೆ ತಗಂಡ್ರೆ ನಂಬಿಕೆ ಇಲ್ಲ ಅಂತ ಆಗಲ್ವಾ ತಾತ?"

"ನನ್ ಮಾತೂ ನಂಬಬ್ಯಾಡ ಕಣವ್ವ. ನೀನೇ ಓದು." ಆ ಸಾಲಿದ್ದ ಅಧ್ಯಾಯವನ್ನು ಅವಳ ಮುಂದಿಟ್ಟರು. ಅಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದಿತ್ತು. ಔಷಧ ಬಿಸಾಡಿ ಎಂದು ಎಲ್ಲಿಯೂ ಇರಲಿಲ್ಲ. ಅದೇ ಗ್ರಂಥದಲ್ಲಿರುವ ಇನ್ನೊಂದು ಪತ್ರ ತೆರೆದರು. ಪದೇ ಪದೇ ಕಾಯಿಲೆ ಬೀಳುವ ಶಿಷ್ಯನಿಗೆ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಗುರುವೇ ಬರೆದಿದ್ದ. ಅವಳು ಎರಡು ಸಲ ಓದಿದಳು. ತಾನೇ ಎದ್ದು ಹೋಗಿ ಮಾತ್ರೆ ನುಂಗಿ ಬಂದು, ಪ್ರಾರ್ಥನೆಗೆ ಕೂತಳು. ಆಮೇಲೆ ತಾತ ನಮ್ಮಿಬ್ಬರನ್ನೂ ಆಟೋ ಹತ್ತಿಸಿ ಡಾಕ್ಟರ ಬಳಿಗೆ ಕಳುಹಿಸಿದರು. ಅಂದಿನಿಂದ ಅವಳ ಪ್ರಾರ್ಥನೆಯಲ್ಲಿ ಹೆದರಿಕೆ ಕೇಳಿಸಿಲ್ಲ.

ವಿಶ್ವಾಸಿಗಳಿಗೆ ನನ್ನದೊಂದು ಸಲಹೆ: ಯಾರಾದರೂ ಒಂದು ವಾಕ್ಯ ಹಿಡಿದು ನಿಮ್ಮನ್ನು ಅವಸರಪಡಿಸಿದರೆ ಅಧ್ಯಾಯ ಪೂರ್ತಿ ಓದಿ ನೋಡಿ. ದೇವರ ಮಾತು ಆ ಪರೀಕ್ಷೆಯನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳದಿರುವುದು ಹೇಳುವವನ ಮಾತು.

ಹೋದ ವರ್ಷ ತಾತ ತೀರಿಕೊಂಡರು. ಮಣ್ಣು ಹಾಕುವಾಗ ನನಗೆ ಮೊದಲು ಬಂದದ್ದು ಅನುಮಾನವೇ: ಇವರನ್ನು ಮತ್ತೆ ಕಾಣುವುದುಂಟೆ? ಮನೆಗೆ ಬಂದು, ಪ್ರಭು ಸತ್ತು ಮತ್ತೆ ಎದ್ದುಬಂದ ಪುನರುತ್ಥಾನದ ಭಾಗ ತೆಗೆದೆವು; ಹೆಂಡತಿ ಓದಿದಳು. ಕಣ್ಣಾರೆ ನೋಡದೆ ನಂಬೆನೆಂದ ಶಿಷ್ಯನ ಕಥೆ ಚಿಕ್ಕಂದಿನಿಂದ ಕೇಳಿದ್ದೇ. ನಡುವಿನ ಒಂದು ಸಂಗತಿ ಮಾತ್ರ ಅಂದೇ ಕಣ್ಣಿಗೆ ಬಿತ್ತು. ಆ ಮಾತಾಡಿ ಒಂದು ವಾರ ಕಳೆದ ಮೇಲೂ ಅವನು ಉಳಿದವರೊಂದಿಗೆ ಅದೇ ಮನೆಯೊಳಗಿದ್ದ. ಅವನನ್ನು ಯಾರೂ ಹೊರಗೆ ಕಳುಹಿಸಿರಲಿಲ್ಲ.

ತಾತನೂ ನನ್ನನ್ನು ಹೊರಗೆ ಕಳುಹಿಸಿರಲಿಲ್ಲ.