ಕಚ್ಚದ ಬೂಟಿನ ಹುಚ್ಚರಂಗಯ್ಯ

ಬೆಳಗಿನ ಐದೂವರೆ. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಇನ್ನೂ ಯಾರೂ ಬಾಗಿಲು ತೆಗೆದಿಲ್ಲ. ಒಂದು ತಗಡಿನ ಶೆಡ್ಡಿನಲ್ಲಿ ಮಾತ್ರ ಲಾಟೀನು ಉರಿಯುತ್ತಿದೆ. ಅದರ ಪಕ್ಕ ಗೋಣಿಚೀಲದ ಮೇಲೆ ಕುಳಿತ ಹುಚ್ಚರಂಗಯ್ಯ ಒಂದು ಪುಟ್ಟ ಬೂಟಿನೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡಿದ್ದಾರೆ. ಕಿರುಬೆರಳು ಬೂಟಿನ ಒಳಮೈಯನ್ನು ಹಿಮ್ಮಡಿಯಿಂದ ಬೆರಳತುದಿಯವರೆಗೆ ನಿಧಾನವಾಗಿ ತಡವುತ್ತಿದೆ. ಎಲ್ಲೋ ಒಂದು ಹೊಲಿಗೆ ಸಾಸಿವೆ ಕಾಳಿನಷ್ಟು ಉಬ್ಬಿದೆ. ಒಡೆದ ಗಾಜಿನ ಚೂರಿನಿಂದ ಅದನ್ನು ಹೆರೆದು, ಮತ್ತೆ ತಡವುತ್ತಾರೆ. ಮತ್ತೆ ಹೆರೆಯುತ್ತಾರೆ.

ಇದು ಎಲ್ಲರೂ ತೊಡುವ ಬೂಟಲ್ಲ. ಕಣಕಾಲು ಅಲುಗದಂತೆ ಬಿಗಿಯಾಗಿ ಹಿಡಿಯುವ ಎತ್ತರದ ಬೂಟು. ಎರಡೂ ಪಕ್ಕದಿಂದ ಮೇಲೆದ್ದ ಕಬ್ಬಿಣದ ಪಟ್ಟಿಗಳು ಮೊಣಕಾಲು ದಾಟಿ ತೊಡೆಗೆ ಬಂದು ಬೆಲ್ಟಿಗೆ ಸೇರುತ್ತವೆ. ಪೋಲಿಯೊ ಬಡಿದು ಕಾಲಿನ ಶಕ್ತಿ ಕಳೆದುಕೊಂಡ ಮಕ್ಕಳು ಇದರ ಆಸರೆಯಲ್ಲಿ ನಿಲ್ಲುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿನಲ್ಲೂ ಇಂಥ ಬೂಟನ್ನು ಕಾಲಿಗೆ ಒಪ್ಪುವಂತೆ ಹೊಲಿಯುವವರು ಇವರೊಬ್ಬರೇ.

ನೊಣವಿನಕೆರೆಯಿಂದ ಬರುವ ಮೊದಲ ಬಸ್ಸಿಳಿದು ಚಿಕ್ಕಗೌರಮ್ಮ ಮಗಳನ್ನು ಸೊಂಟದ ಮೇಲೆ ಹೊತ್ತು ತರುತ್ತಾರೆ. ಮಗಳು ನಿಂಗಮ್ಮನಿಗೆ ಒಂಬತ್ತು ವರ್ಷ. ಹೊತ್ತು ನಡೆಯುವ ವಯಸ್ಸೇನಲ್ಲ. ಹುಚ್ಚರಂಗಯ್ಯ ಮಗುವಿನ ಸಣಕಲು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ತೊಡಿಸಿ, ಲೇಸು ಬಿಗಿದು, ಮೊಣಕಾಲಿನ ಕೊಂಡಿ ಹಾಕುತ್ತಾರೆ.

"ನಡಿಯವ್ವ. ಆ ಕಂಬ ಮುಟ್ಟಿ ಬಾ."

ನಿಂಗಮ್ಮ ಗೋಡೆ ಹಿಡಿದು ಹೋಗುತ್ತಾಳೆ. ಬರುವಾಗ ಗೋಡೆ ಬಿಡುತ್ತಾಳೆ. ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ತಾಯಿಯ ಕಣ್ಣು ತುಂಬಿದೆ.

"ಎಲ್ಲಾದ್ರೂ ಕಚ್ತದೇನೇ?" ಎಂದು ತಾಯಿ ಕೇಳುತ್ತಾರೆ.

"ಇಲ್ಲ ಕಣವ್ವ, ಎಲ್ಲೂ ಕಚ್ಚಾಕಿಲ್ಲ!"

ಹುಚ್ಚರಂಗಯ್ಯ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೂಟು ಬಿಚ್ಚಿ, ಕಾಲನ್ನು ಪಕ್ಕದಲ್ಲಿ ಕುಳಿತಿರುವ ಹೆಂಡತಿ ಕೆಂಪಕ್ಕನ ಕಡೆ ತಿರುಗಿಸುತ್ತಾರೆ. ಆಕೆ ಬಗ್ಗಿ ನೋಡುತ್ತಾರೆ. ಕಣಕಾಲಿನ ಒಳಬದಿಯ ಮೂಳೆಯ ಮೇಲೆ ಹುಣಸೆಬೀಜದಷ್ಟು ಕೆಂಪು. ಹೆಬ್ಬೆಟ್ಟಿನಿಂದ ಒತ್ತಿ ಬಿಟ್ಟು, ಇಪ್ಪತ್ತರವರೆಗೆ ಎಣಿಸುತ್ತಾರೆ. ಕೆಂಪು ಹೋಗುವುದಿಲ್ಲ.

"ಇಲ್ಲಿ ಕುಯ್ಯಿ," ಎನ್ನುತ್ತಾರೆ ಕೆಂಪಕ್ಕ.

ಒಂಬತ್ತು ದಿನ ಕೂತು ಹೊಲಿದ ಬೂಟು. ಹುಚ್ಚರಂಗಯ್ಯ ಚರ್ಮ ಕೊಯ್ಯುವ ರಂಪಿಗೆ ಎತ್ತಿ ಅದರ ಅಲಗನ್ನು ಆ ಜಾಗಕ್ಕೆ ಇಡುತ್ತಾರೆ. ಚಿಕ್ಕಗೌರಮ್ಮನಿಗೆ ಗಾಬರಿ. "ಅಯ್ಯೋ ಹೊಸಾ ಬೂಟು! ಒಂಚೂರು ಕೆಂಪಾದ್ರೆ ಏನಾಯ್ತದೆ ಬುಡಿ ರಂಗಯ್ಯ. ಹಾಕ್ತಾ ಹಾಕ್ತಾ ಸರಿಹೋಯ್ತದೆ. ಏಳು ಗಂಟೆ ಬಸ್ಸು ತಪ್ಪೋಯ್ತದೆ ನಮ್ಗೆ."

"ಬಸ್ಸು ಇನ್ನೊಂದು ಬತ್ತದೆ ಕಣವ್ವ," ಎನ್ನುತ್ತಾರೆ ಹುಚ್ಚರಂಗಯ್ಯ, ತಲೆ ಎತ್ತದೆ.

ಐವತ್ತಾರರ ಹುಚ್ಚರಂಗಯ್ಯ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಬಳಿಯ ಒಂದು ಹಳ್ಳಿಯವರು. ಅಪ್ಪ, ತಾತ ಎಲ್ಲರೂ ಚರ್ಮ ಹದ ಮಾಡಿ ಊರಿಗೆ ಮೆಟ್ಟು ಹೊಲಿದುಕೊಟ್ಟವರು. ತಂಗಡಿ ಗಿಡದ ಚಕ್ಕೆ ಹಾಕಿದ ನೀರಿನಲ್ಲಿ ಎಷ್ಟು ದಿನ ನೆನೆದರೆ ಚರ್ಮ ಎಷ್ಟು ಮೆತ್ತಗಾಗುತ್ತದೆ ಎಂಬುದು ಹತ್ತು ವರ್ಷದವರಿದ್ದಾಗಲೇ ಅವರ ಬೆರಳಿಗೆ ಗೊತ್ತಿತ್ತು. ತೋಟದ ಯಜಮಾನರ ಕಾಲಿನ ಅಳತೆಯನ್ನು ಅವರು ದೂರದಿಂದ, ನೆಲದ ಮೇಲಿನ ಹೆಜ್ಜೆ ಗುರುತು ನೋಡಿಯೇ ತೆಗೆದುಕೊಳ್ಳಬೇಕಿತ್ತು. ಕಾಲು ಮುಟ್ಟುವಂತಿರಲಿಲ್ಲ. "ಹಂಗಾಗಿ ಹೆಜ್ಜೆ ಓದೋದು ಕಲ್ತೆ ಸಾಮಿ," ಎನ್ನುತ್ತಾರೆ. "ಯಾರು ಯಾವ ಕಾಲ್ಮ್ಯಾಲೆ ಭಾರ ಬುಡ್ತಾರೆ, ಯಾರಿಗೆ ಮಂಡಿ ನೋವಯ್ತೆ, ಎಲ್ಲಾ ಮಣ್ಣೇ ಹೇಳ್ತದೆ."

ಅವರಿಗೂ ಕೆಂಪಕ್ಕನಿಗೂ ಒಬ್ಬಳೇ ಮಗಳು ಹುಟ್ಟಿದ್ದು. ಹೆಸರು ಭೂತಮ್ಮ. ಒಂದೂವರೆ ವರ್ಷಕ್ಕೆ ಜ್ವರ ಬಂತು. ಜ್ವರ ಇಳಿಯಿತು, ಬಲಗಾಲು ಮೇಲೇಳಲಿಲ್ಲ. ಆರು ವರ್ಷದವರೆಗೆ ಆ ಮಗು ಅಂಗಳದಲ್ಲಿ ಕೈಯೂರಿ ತೆವಳಿತು.

ಸಾವಿರದ ಒಂಬೈನೂರ ಅರವತ್ತೈದರಲ್ಲಿ ತಿಪಟೂರಿನ ಒಬ್ಬ ಮಂಡಿ ಸಾಹುಕಾರರು ಮಗುವಿನ ಸುದ್ದಿ ಕೇಳಿ ಹುಚ್ಚರಂಗಯ್ಯನವರಿಗೆ ಹೇಳಿಕಳಿಸಿದರು. ಅವರ ಮೊಮ್ಮಗನಿಗೂ ಅದೇ ಕಾಯಿಲೆ. ಅವನಿಗೆಂದು ವಿಲಾಯತಿಯಿಂದ ತರಿಸಿದ್ದ ಬೂಟು ಚಿಕ್ಕದಾಗಿತ್ತು. ಪುಣ್ಯಾತ್ಮರು ಕರೆದು ಕೊಟ್ಟರು. ಕಂದು ಬಣ್ಣದ ಚರ್ಮ, ಲೇಸು ಪೋಣಿಸಲು ಹಿತ್ತಾಳೆಯ ಕಣ್ಣುಗಳು, ಥಳಥಳ ಹೊಳೆಯುವ ಉಕ್ಕಿನ ಪಟ್ಟಿ. ಹುಚ್ಚರಂಗಯ್ಯ ಅದನ್ನು ಹೆಗಲವಸ್ತ್ರದಲ್ಲಿ ಸುತ್ತಿ, ಎದೆಗವುಚಿಕೊಂಡು ಊರಿಗೆ ನಡೆದರು. ಕೇರಿಯವರೆಲ್ಲ ನೋಡಲು ಬಂದರು. ಅಂಥ ಹೊಲಿಗೆಯನ್ನು ಅವರ ವಂಶದಲ್ಲೇ ಯಾರೂ ಕಂಡಿರಲಿಲ್ಲ.

ಬೂಟು ಭೂತಮ್ಮನ ಕಾಲಿಗೆ ಎರಡು ಬೆರಳು ದೊಡ್ಡದಾಗಿತ್ತು. ಮುಂದಕ್ಕೆ ಹತ್ತಿ ತುರುಕಿದರು. ಹಿಮ್ಮಡಿ ಕೂರಲಿಲ್ಲ. ಬತ್ತಿದ ಕಾಲಿನ ಹಿಮ್ಮಡಿ ಚಿಕ್ಕದು, ಮೇಲಕ್ಕೆ ಎಳೆದುಕೊಂಡಿರುತ್ತದೆ. ಬೂಟಿನೊಳಗೆ ಅದು ಹೆಜ್ಜೆಗೊಮ್ಮೆ ಎದ್ದು ಬೀಳುತ್ತಿತ್ತು. ಆದರೂ ಭೂತಮ್ಮ ನಿಂತಳು. ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲು ದಾಟಿದಳು. ಮೂರನೆಯ ದಿನ ಪಕ್ಕದ ಮನೆಗೆ ತಾನೇ ಹೋಗಿ, "ನಾನು ನಡ್ಕೊಂಡ್ ಬಂದೆ," ಎಂದು ಹೇಳಿ ಬಂದಳು.

"ಕುಯ್ದು ಒಂಚೂರು ಸಣ್ಣಕ್ಕೆ ಮಾಡು, ಮಗೀನ ಕಾಲು ಒಳಗೇ ಒದ್ದಾಡ್ತದೆ," ಎಂದು ಕೆಂಪಕ್ಕ ಎರಡು ಸಲ ಹೇಳಿದ್ದರು. ಹುಚ್ಚರಂಗಯ್ಯ ರಂಪಿಗೆ ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು. "ಕೈ ಬರ್ಲಿಲ್ಲ ಸಾಮಿ. ಎಂಥೋರು ಮಾಡಿದ್ ಬೂಟು! ನಾನೊಬ್ಬ ಎಕ್ಕಡ ಹೊಲಿಯೋನು ಕುಯ್ದು ಹಾಳ್ಮಾಡ್ಬುಟ್ರೆ? ಅವ್ರಿಗಿಂತ ನಂಗೆ ಗೊತ್ತಾ ಅನ್ಕಂಡೆ."

ಮಗುವನ್ನು ದಿನವೂ ಕೇಳುತ್ತಿದ್ದರು, ಕಚ್ಚುತ್ತದೇನೆ ಎಂದು. ಇಲ್ಲ ಎನ್ನುತ್ತಿದ್ದಳು. ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಲು ಬಿಡುತ್ತಿರಲಿಲ್ಲ. ಹನ್ನೊಂದನೆಯ ದಿನ ಕೆಂಪಕ್ಕನಿಗೆ ವಾಸನೆ ಬಂತು. ಬಿಚ್ಚಿದರೆ ಹಿಮ್ಮಡಿಯ ಮೇಲೆ ಮೂಳೆ ಕಾಣುವ ಗಾಯ. ನೋವೆಂದರೆ ಬೂಟು ಕಸಿದುಕೊಳ್ಳುತ್ತಾರೆಂದು ಮಗು ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಗಾಡಿ ಕಟ್ಟಿಸಿಕೊಂಡು ತುರುವೇಕೆರೆ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಮುಗಿಯಿತು.

ಈ ಭಾಗವನ್ನು ಹುಚ್ಚರಂಗಯ್ಯ ಕೆಲಸ ನಿಲ್ಲಿಸದೆ ಹೇಳುತ್ತಾರೆ. ದಾರಕ್ಕೆ ಮೇಣ ಹಚ್ಚುತ್ತಿರುವ ಕೈ ಮಾತ್ರ ಒಂದೇ ಜಾಗದಲ್ಲಿ ಓಡಾಡುತ್ತಿರುತ್ತದೆ. "ಬೂಟಿಗೆ ಏನೂ ಆಗಿರ್ಲಿಲ್ಲ. ಒಂದು ಹೊಲಿಗೆ ಬುಟ್ಟಿರ್ಲಿಲ್ಲ. ಅಷ್ಟು ಗಟ್ಟಿ ಬೂಟು ಅದು."

ಆರು ವರ್ಷ ಅದು ಅಟ್ಟದ ಮೇಲೆ ಇತ್ತು. ಗಂಡ ಹೆಂಡತಿ ಅದರ ಮಾತೆತ್ತಲಿಲ್ಲ. ಬೇರೆ ಮಾತೂ ಕಡಿಮೆಯಾಯಿತು. ಎಪ್ಪತ್ತೊಂದರ ಒಂದು ಮಧ್ಯಾಹ್ನ ಹುಚ್ಚರಂಗಯ್ಯ ಬೂಟನ್ನು ಕೆಳಗಿಳಿಸಿ, ಒಂದೊಂದೇ ಹೊಲಿಗೆ ಬಿಚ್ಚುತ್ತಾ ಕೂತರು. ಬಿಚ್ಚುವುದಕ್ಕೆ ಎರಡು ದಿನ ಹಿಡಿಯಿತು. ಹಿಮ್ಮಡಿಯನ್ನು ಹಿಡಿದಿಡಲು ಒಳಗೆ ಬಟ್ಟಲಿನಂಥ ಗಟ್ಟಿ ಚರ್ಮ ಇಟ್ಟಿದ್ದರು. ಅದು ಸಾಹುಕಾರರ ಮೊಮ್ಮಗನ ಹಿಮ್ಮಡಿಯ ಬಟ್ಟಲು. "ಬೂಟು ಮಾಡ್ದೋರ ತಪ್ಪೇನೂ ಇರ್ಲಿಲ್ಲ. ಆ ಹುಡ್ಗನ ಕಾಲಿಗೆ ಅದು ಸರಿಯಾಗೇ ಇತ್ತು. ನನ್ನ ಮಗೀನ ಕಾಲಿಗೆ ಮಾಡ್ಬೇಕಾಗಿದ್ದೋನು ನಾನು."

ಮರುವರ್ಷ ದಂಡಿನಶಿವರದ ತೆಂಗಿನ ತೋಟದ ಯಜಮಾನರಾದ ನಂಜುಂಡಪ್ಪ ಎಂಟು ವರ್ಷದ ಮಗಳು ಸಿದ್ದಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೇರಿಯ ಅಂಚಿಗೆ ಬಂದರು. "ಲೋ ಹುಚ್ಚರಂಗ, ಅದೇನೋ ಕಾಲ್ನಡೆ ಬೂಟು ಬಿಚ್ಚಿಟ್ಕಂಡಿದ್ದೀಯಂತಲ್ಲ. ಇವಳಿಗೊಂದು ಮಾಡು," ಎಂದರು.

"ಮಾಡ್ಬೌದು ಗೌಡ್ರೆ. ಆದ್ರೆ ಹೆಜ್ಜೆ ನೋಡಿ ಆಗಾಕಿಲ್ಲ. ಕಾಲು ಮುಟ್ಬೇಕು."

ನಂಜುಂಡಪ್ಪ ಬಹಳ ಹೊತ್ತು ಎತ್ತಿನ ಕೊರಳು ಸವರುತ್ತಾ ನಿಂತರು. ಆಮೇಲೆ ಮಗಳನ್ನು ಎತ್ತಿ ಇಳಿಸಿದರು. ಮನೆಗೆ ಹೋದ ಮೇಲೆ ಅಜ್ಜಿ ಮಗುವಿಗೆ ತಲೆಗೆ ನೀರು ಹಾಕಿಸಿಯೇ ಒಳಗೆ ಬಿಟ್ಟುಕೊಂಡದ್ದು. ಪ್ರತಿ ಅಳತೆಗೂ ಹಾಗೆಯೇ. ಆ ವರ್ಷ ಸಿದ್ದಮ್ಮನಿಗೆ ಹದಿನಾರು ಸಲ ತಲೆಸ್ನಾನವಾಯಿತು. ಹದಿನೇಳನೆಯ ಸಲ ಬೂಟು ಕಚ್ಚಲಿಲ್ಲ.

ಆಮೇಲೆ ತಿಪಟೂರಿಗೆ ಬಂದು ಈ ಶೆಡ್ಡು ಹಾಕಿಕೊಂಡರು. ಈಗ ಅವರಿಗೊಂದು ಕ್ರಮ ಸಿದ್ಧಿಸಿದೆ. ಕೆರೆಯ ಜೇಡಿಮಣ್ಣನ್ನು ಬೆಣ್ಣೆಯಂತೆ ಕಲಸಿ ಮಗುವಿನ ಕಾಲು ಅದರಲ್ಲಿ ಅದ್ದಿಸುತ್ತಾರೆ. ಆ ಗುರುತು ನೋಡಿ ಹಗುರವಾದ ಹಾಲುವಾಣದ ಮರದಲ್ಲಿ ಅದೇ ಕಾಲನ್ನು ಕೆತ್ತುತ್ತಾರೆ. ಚರ್ಮವನ್ನು ಒದ್ದೆ ಇರುವಾಗಲೇ ಆ ಮರದ ಕಾಲಿನ ಮೇಲೆ ಎಳೆದು ಬಿಗಿದು ಒಣಗಲು ಬಿಡುತ್ತಾರೆ. ಅಟ್ಟೆಗೆ ಲಾರಿ ಟೈರು, ಅಂಟಿಗೆ ಹುಣಸೆಬೀಜದ ಸರಿ. ಕಬ್ಬಿಣದ ಪಟ್ಟಿಯನ್ನು ಸೈಕಲ್ ಶಾಪಿನವರು ಬಗ್ಗಿಸಿಕೊಡುತ್ತಾರೆ. ವರ್ಷಕ್ಕೆ ಸುಮಾರು ಮೂವತ್ತು ಮಕ್ಕಳು. ಹದಿಮೂರು ವರ್ಷದಲ್ಲಿ ಮುನ್ನೂರ ಎಂಬತ್ತು ದಾಟಿದೆ. ಹೊಟ್ಟೆಪಾಡಿಗೆ ಮಧ್ಯಾಹ್ನದ ಮೇಲೆ ಮಂಡಿ ಹಮಾಲರ ಚಪ್ಪಲಿ ರಿಪೇರಿ ಇದ್ದೇ ಇದೆ. ಮರದ ಕಾಲುಗಳನ್ನು ಶೆಡ್ಡಿನ ತೊಲೆಗೆ ಸಾಲಾಗಿ ನೇತುಹಾಕಿದ್ದಾರೆ. ಓದು ಬರಹ ಬಾರದು, ಹೆಸರು ಬರೆದಿಲ್ಲ. "ಮುಖ ಮರ್ತೋಯ್ತದೆ. ಕಾಲು ನೋಡಿದ್ರೆ ಯಾವೂರ್ ಮಗ ಅಂತ ಹೇಳ್ತೀನಿ." ಕೆಲವು ಕಾಲುಗಳ ಮಕ್ಕಳು ಮತ್ತೆ ಬಂದಿಲ್ಲ. ಯಾಕೆಂದು ಅವರು ವಿಚಾರಿಸಲು ಹೋಗುವುದಿಲ್ಲ. ಆ ಅಚ್ಚುಗಳನ್ನು ತೆಗೆದೂ ಇಲ್ಲ.

ಈ ವರ್ಷ ವೈಶಾಖದಲ್ಲಿ ಸಿದ್ದಮ್ಮನ ಮದುವೆಯಾಯಿತು. ಚಿಕ್ಕನಾಯಕನಹಳ್ಳಿ ಕಡೆಯ ವರ, ಎಲ್ಲ ತಿಳಿದೇ ಒಪ್ಪಿದ್ದ. ಆದರೆ ಹಸೆಯ ಮೇಲೆ ಚರ್ಮ ಕೂಡದೆಂದು ಹಿರಿಯರು ಹೇಳಿದರು. ಬೂಟಿಲ್ಲದೆ ಸಿದ್ದಮ್ಮ ನಿಲ್ಲಲಾರಳು. ಕೂತೇ ಧಾರೆಯಾಗಲಿ, ಹಾಲುಕಂಬದ ಸುತ್ತು ಹಾಕುವಾಗ ಯಾರಾದರೂ ಎತ್ತಿಕೊಳ್ಳಲಿ ಎಂದರು. ಸಿದ್ದಮ್ಮ ಒಪ್ಪಲಿಲ್ಲ. ಬಸ್ಸು ಹತ್ತಿ ತಾನೇ ತಿಪಟೂರಿಗೆ ಬಂದಳು.

"ರಂಗಯ್ಯ, ಚರ್ಮ ಇಲ್ದಂಗೆ ಬೂಟು ಆಯ್ತದಾ?"

ಹುಚ್ಚರಂಗಯ್ಯನವರದು ಹುಟ್ಟಿದಾಗಿನಿಂದ ಚರ್ಮವೊಂದನ್ನೇ ನಂಬಿದ ಕೈ. "ನೋಡ್ತೀನಿ ಕಣವ್ವ," ಎಂದರು. ದಪ್ಪ ಕ್ಯಾನ್ವಾಸನ್ನು ನಾಲ್ಕು ಪದರ ಅಂಟಿಸಿ ಹೊಲಿದರು. ಹಿಮ್ಮಡಿಯ ಬಟ್ಟಲನ್ನು ಮರದಲ್ಲೇ ಕಾಗದದಷ್ಟು ತೆಳುವಾಗಿ ಕೆತ್ತಿದರು. ತೊಡೆಯ ಬೆಲ್ಟಿಗೆ ಮಂಚದ ನವಾರು. ಎರಡು ಬೂಟು ಕೆಟ್ಟವು. ಮೂರನೆಯದು ನಿಂತಿತು. ಕೊನೆಗೆ ಅದರ ಮೇಲೆ ಧಾರೆಸೀರೆಯ ಬಣ್ಣದ್ದೇ ಒಂದು ತುಂಡು ಬಟ್ಟೆ ಹೊದಿಸಿದರು.

ಮದುವೆಯ ದಿನ ಅವರು ಚಪ್ಪರದ ಹೊರಗೆ, ಗರಿಯ ಮರೆಯಲ್ಲಿ ನಿಂತಿದ್ದರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಇವರೂ ಹೋಗಲಿಲ್ಲ. ವಾಲಗ ನಿಂತಾಗ ಮೊಣಕಾಲಿನ ಕೊಂಡಿಯ ಟಕ್ ಟಕ್ ಸದ್ದು ಹೊರಗೂ ಕೇಳುತ್ತಿತ್ತು. ಒಂದು ಸುತ್ತು. ಎರಡು. ಮೂರನೆಯದರ ನಡುವೆ ಸದ್ದು ನಿಂತುಹೋಯಿತು. "ನನ್ನುಸ್ರು ನಿಂತೋಯ್ತು ಸಾಮಿ," ಎನ್ನುತ್ತಾರೆ. ಸೀರೆಯ ನೆರಿಗೆ ಸಿಕ್ಕಿಕೊಂಡಿತ್ತಂತೆ, ಅಷ್ಟೆ. ಸದ್ದು ಮತ್ತೆ ಶುರುವಾಯಿತು.

ಊಟದ ಹೊತ್ತಿಗೆ ನಂಜುಂಡಪ್ಪ ಹೊರಗೆ ಬಂದು ಅವರನ್ನು ಹುಡುಕಿದರು. "ಉಂಡ್ಕಂಡ್ ಹೋಗು ರಂಗಯ್ಯ," ಎಂದರು. ಎಲೆ ಹಾಕಿಸಿದ್ದು ಹೊರಗೇ. ಸಿದ್ದಮ್ಮ ಬಂದು ಆ ಎಲೆಯ ಮುಂದೆ ನಿಂತಳು. "ಕಚ್ಲಿಲ್ಲ ಕಣ್ರೀ," ಎಂದಳು. ಹುಚ್ಚರಂಗಯ್ಯ ಅವಳನ್ನೂ ನಂಬಲಿಲ್ಲ. ಅಲ್ಲೇ ಕೂರಿಸಿ ಬೂಟು ಬಿಚ್ಚಿಸಿ ನೋಡಿದರು. ಕೆಂಪೇನೂ ಕಾಣಲಿಲ್ಲ.

ಕೆಂಪು ಇರಲೇ ಇಲ್ಲವೋ, ತಮಗೇ ಕಾಣಿಸಲಿಲ್ಲವೋ ಎಂಬ ಅನುಮಾನ ಅವರನ್ನು ಹಿಡಿದದ್ದು ಆಗಲೇ. ಎರಡು ಕಣ್ಣಿಗೂ ಪೊರೆ ಬರುತ್ತಿದೆ. ಮನೆಗೆ ಬಂದು, ಮಗಳು ಹೋದ ಇಪ್ಪತ್ತು ವರ್ಷಕ್ಕೆ ಮೊದಲ ಸಲ ಹೆಂಡತಿಯ ಮುಂದೆ ಬೂಟಿನ ಮಾತೆತ್ತಿದರು. "ಕೆಂಪಿ, ನಂಗೆ ಕೆಂಪು ಕಾಣಾಕಿಲ್ಲ ಕಣೇ. ಇನ್ನು ಈ ಕೆಲ್ಸ ಬುಟ್ಬುಡ್ತೀನಿ." ಶೆಡ್ಡಿನ ಕಡೆ ಒಂದು ದಿನವೂ ಕಾಲಿಡದಿದ್ದ ಕೆಂಪಕ್ಕ ಮರುದಿನ ನಸುಕಿನಲ್ಲಿ ಅವರಿಗಿಂತ ಮೊದಲೇ ಎದ್ದು, ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ಅವತ್ತು ಕುಯ್ಯಿ ಅಂದ್ರೆ ಕುಯ್ಲಿಲ್ಲ ಇವ್ನು," ಎನ್ನುತ್ತಾರೆ ಕೆಂಪಕ್ಕ. ದನಿಯಲ್ಲಿ ಸಿಟ್ಟು ಇನ್ನೂ ಇದೆ. "ಈಗ ಕುಯ್ತಾನೆ."

ಇಂಥ ಬೂಟು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳಿದರೆ ಹುಚ್ಚರಂಗಯ್ಯ ದಬ್ಬಳ ಕೆಳಗಿಡುತ್ತಾರೆ.

"ಒಂದೊರ್ಸ ಬಂದ್ರೆ ಸಾಕು ಸಾಮಿ. ಅಷ್ಟ್ರೊಳ್ಗೆ ಮಗು ಬೆಳೀಬೇಕು. ಬೂಟು ಚಿಕ್ಕದಾಯ್ತು ತಾತ, ಇನ್ನೊಂದು ಮಾಡ್ಕೊಡು ಅಂತ ಬರ್ಬೇಕು. ನಾನು ಕೇಳ್ಕಳೋದು ಅಷ್ಟೇಯ."