ಸತ್ತವನು ಕೆಮ್ಮಿದ ನಾಟಕ

ಅಥವಾ ಆ ಸಂಜೆ ಪಕ್ಕದ ಮನೆಯ ಮಗ್ಗಗಳು ನಿಂತೇ ಇದ್ದವೋ ಏನೋ. ನಾಟಕದುದ್ದಕ್ಕೂ ಅವು ಹಡಗಿನ ಎಂಜಿನ್ನಿನ ಹಾಗೆ ಸದ್ದು ಮಾಡುತ್ತಿದ್ದವು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿದವರಿಗೆ ಇಷ್ಟವಾಗುತ್ತಿತ್ತು, ನನಗೂ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪಿನ ಮೇಲೆ ಈಗ ನನಗೆ ನಂಬಿಕೆ ಕಡಿಮೆ. ಆದರೆ ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾವು ಒಬ್ಬ ಅಮೆರಿಕದವನ ನಾಟಕ ಆಡಿದ್ದು ನಿಜ. ಅದರಲ್ಲಿ ಭಾವ ಸತ್ತದ್ದು ನಿಜ. ಸತ್ತ ಮೇಲೆ ಕೆಮ್ಮಿದ್ದೂ ನಿಜ.

ಪುಸ್ತಕವನ್ನು ಬೆಂಗಳೂರಿನ ಕಾಲೇಜಿನಿಂದ ತಂದವನು ನಾನು. ಕನ್ನಡಕ್ಕೆ ಮಾಡಿದವನೂ ನಾನೇ. ಹಡಗಿನೊಳಗೆ ಒಂದು ಇಕ್ಕಟ್ಟಾದ ಕೋಣೆ. ಬಿದ್ದು ಪೆಟ್ಟಾದ ನಾವಿಕನೊಬ್ಬ ಮಲಗಿ ಸಾಯುತ್ತಿದ್ದಾನೆ, ಅವನ ಸ್ನೇಹಿತ ಪಕ್ಕದಲ್ಲಿ ಕೂತಿದ್ದಾನೆ. ಹಾಡಿಲ್ಲ, ರಾಜನಿಲ್ಲ, ಯುದ್ಧವಿಲ್ಲ. ಕೊನೆಗೆ ಅವನು ಸಾಯುತ್ತಾನೆ, ಸ್ನೇಹಿತ ಮಂಡಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ, ಪರದೆ ಬೀಳುತ್ತದೆ. ಆ ಸುಮ್ಮನಿರುವಿಕೆಯೇ ನಾಟಕ ಎಂದು ನಾನು ವಾದಿಸುತ್ತಿದ್ದೆ. ಸಮುದ್ರಕ್ಕೆ ಮನುಷ್ಯನ ಸಾವು ಬದುಕು ಎರಡೂ ಒಂದೇ ಎಂದು ದೊಡ್ಡ ಮಾತು ಆಡುತ್ತಿದ್ದೆ. ಸಮುದ್ರವನ್ನು ನಾನೂ ನೋಡಿರಲಿಲ್ಲ.

ತಾಲೀಮು ನಡೆಯುತ್ತಿದ್ದುದು ನಮ್ಮ ಮಗ್ಗದ ಮನೆಯಲ್ಲಿ. ಸಾಯುವವನು ಭಾವ, ಅಂದರೆ ಅಕ್ಕನ ಗಂಡ. ಸ್ನೇಹಿತನ ಪಾತ್ರಕ್ಕೆ ಎದುರು ಮನೆಯ ನೇಕಾರ. ದಪ್ಪ ಮೀಸೆ, ದೊಡ್ಡ ಗಂಟಲು. ಪೌರಾಣಿಕ ನಾಟಕಗಳಲ್ಲಿ ರಾಕ್ಷಸನ ಪಾತ್ರ ಅವನಿಗೇ ಮೀಸಲು.

"ಸಮುದ್ರ ಎಷ್ಟು ದೊಡ್ಡದಿರ್ತದೆ ಗುರು? ಮಧುರೆ ಕೆರೆಯಷ್ಟಾ?" ಎಂದು ಅವನು ಕೇಳಿದ.

"ನಿನ್ನ ಹೊಟ್ಟೆಯಷ್ಟು. ನಿನ್ನ ಮಾತು ಹೇಳ್ಲಾ ಸುಮ್ನೆ," ಎಂದ ಮಲಗಿದ್ದ ಭಾವ.

ಎದುರು ಮನೆಯವನಿಗೆ ಕೊನೆಯ ದೃಶ್ಯ ಒಗ್ಗಲೇ ಇಲ್ಲ. "ಏನಪ್ಪಾ ಇದು, ಜೊತೆಗಾರ ಸಾಯ್ತಾ ಇದ್ರೆ ಇವನು ಕಂಬದ ಥರ ಕೂತಿರ್ತಾನಾ? ಬಾಯಿಗೆ ಒಂದು ತೊಟ್ಟು ನೀರಾದ್ರೂ ಬಿಡಲ್ವಾ?"

"ಪುಸ್ತಕದಲ್ಲಿ ಹಾಗಿಲ್ಲ," ಎಂದೆ.

"ಬರ್ದೋನಿಗೆ ಹಿಂದುಮುಂದು ಯಾರೂ ಇರ್ಲಿಲ್ವೇನೋ ಪಾಪ."

ನಮ್ಮಲ್ಲಿ ಪ್ರಾಣ ಹೋಗುವಾಗ ಬಾಯಿಗೆ ನೀರು ಬಿಡಬೇಕು. ಹತ್ತಿರದವರು ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರಾದರೂ ಬಿಡಬೇಕು. ಇದು ಯಾರೂ ಯಾರಿಗೂ ಕಲಿಸುವಂಥದ್ದಲ್ಲ.

ಮಜ್ಜಿಗೆ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಗಂಡ ಸಾಯುವ ಪಾತ್ರ ಮಾಡುತ್ತಾನೆಂದು ಅವಳಿಗೆ ಬೇಸರವಿರಲಿಲ್ಲ. ಅವನು ಎಷ್ಟೋ ನಾಟಕಗಳಲ್ಲಿ ಸತ್ತು, ಮಂಗಳಾರತಿಯ ಹೊತ್ತಿಗೆ ಎದ್ದು ಬಂದವನು. ಅವಳ ಮನಸ್ಸಿನಲ್ಲಿದ್ದವನು ನಮ್ಮ ಅಣ್ಣ. ಪಟಾಲಂ ಸೇರಿ ಸೈನ್ಯದ ಲಾರಿ ಓಡಿಸಲು ಹೋಗಿದ್ದ. ಇನ್ನೇನು ಹಡಗು ಹತ್ತುತ್ತೇವೆ ಎಂದು ರಜೆಗೆ ಬಂದ ಯಾರದೋ ಕೈಲಿ ಹೇಳಿ ಕಳಿಸಿದ್ದೇ ಕೊನೆ, ಆಮೇಲೆ ಸುದ್ದಿಯಿಲ್ಲ. ಅವನಿಗೂ ಅವಳಿಗೂ ಒಂದೇ ವರ್ಷದ ಅಂತರ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅವನಿಗೆ ಏನಾಯಿತೆಂದು ಅವಳಿಗೆ ತಿಳಿಯಬೇಕಿತ್ತು, ತಿಳಿಯುವ ದಾರಿ ಇರಲಿಲ್ಲ. ಈ ನಾಟಕವನ್ನು ಆರಿಸುವಾಗ ಅಣ್ಣ ನನ್ನ ಮನಸ್ಸಿನಲ್ಲಿ ಇದ್ದನೇ? ಇದ್ದ ಎಂದರೆ ಬರಹಕ್ಕೆ ಅನುಕೂಲ. ಖಚಿತವಾಗಿ ಹೇಳಲಾರೆ.

"ಕೊನೇಲಿ ಅವನಿಗೆ ಯಾರೂ ನೀರು ಕೊಡಲ್ವೇನೋ?" ಎಂದು ಕೇಳಿದಳು.

"ಇಲ್ಲ ಕಣಕ್ಕ."

"ಹಂಗಾದ್ರೆ ನಾನು ನೋಡಕ್ಕೆ ಬರಲ್ಲ ಬಿಡು."

ಬಂದಳು. ಹೆಂಗಸರ ಕಡೆ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಳು.

ಮನೆಯ ಮುಂದಿನ ಅಂಗಳದಲ್ಲಿ ಪೆಟ್ರೋಮ್ಯಾಕ್ಸ್ ದೀಪ ಹಚ್ಚಿ, ಬೆಂಚಿನ ಮೇಲೆ ಭಾವನನ್ನು ಮಲಗಿಸಿ ಶುರು ಮಾಡಿದೆವು. ಜನ ಬೆಳಗಿನವರೆಗೆ ಕೂರಲು ಸಿದ್ಧರಾಗಿ ಚಾಪೆ, ಹೊದಿಕೆ ಸಮೇತ ಬಂದಿದ್ದರು. ಭಾವ ಚೆನ್ನಾಗಿ ಸತ್ತ. ಎದೆ ಒಮ್ಮೆ ಮೇಲೆದ್ದು ನಿಂತಿತು. ಎದುರು ಮನೆಯವನು ಮಂಡಿಯ ಮೇಲೆ ಕೈಯಿಟ್ಟ. ಬಯಲಾಟ ನೋಡಿ ಬೆಳೆದ ಆ ಜನ ಉಸಿರಾಡದೆ ಕೂತಿದ್ದರು. ಪಕ್ಕದಲ್ಲಿ ನಿಂತು ಪರದೆಯ ಹಗ್ಗ ಹಿಡಿದಿದ್ದ ನಾನು, ಇನ್ನೊಂದು ಗಳಿಗೆ ಹೀಗೇ ಇರಲಿ ಎಂದು ತಡೆದೆ.

ಆ ಗಳಿಗೆಯನ್ನು ಎದುರು ಮನೆಯವನಿಗೆ ಸಹಿಸಲಾಗಲಿಲ್ಲ. ಗಂಟಲು ಒಣಗಿದರೆ ಇರಲಿ ಎಂದು ಬೆಂಚಿನ ಕೆಳಗಿಟ್ಟುಕೊಂಡಿದ್ದ ಚೊಂಬನ್ನು ಎತ್ತಿ, ಭಾವನ ತೆರೆದ ಬಾಯಿಗೆ ನೀರು ಬಿಟ್ಟುಬಿಟ್ಟ. ಅವಸರದಲ್ಲಿ ತೊಟ್ಟಿಗಿಂತ ಹೆಚ್ಚೇ ಬಿತ್ತು. ಸತ್ತಿದ್ದ ಭಾವನಿಗೆ ನೆತ್ತಿಗೇರಿತು. ಎದ್ದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದ.

"ಲೇ, ಬದುಕ್ಬಿಟ್ಟ ಕಣ್ಲಾ!" ಎಂದು ಯಾರೋ ಕೂಗಿದರು. ಇಡೀ ಅಂಗಳ ನಕ್ಕಿತು. ಎದುರು ಮನೆಯವನು ಮಾತ್ರ ನಗಲಿಲ್ಲ. ಭಾವನ ನೆತ್ತಿ ತಟ್ಟುತ್ತ, "ಮೆಲ್ಲಗೆ ಕುಡಿ, ಮೆಲ್ಲಗೆ," ಎನ್ನುತ್ತಿದ್ದ. ಅದು ನಾನು ಬರೆದ ಮಾತಲ್ಲ.

ಅಕ್ಕ ಎದ್ದು ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ನಗುತ್ತಿದ್ದಳು ಎಂದು ಕೆಲವೊಮ್ಮೆ ಹೇಳಿದ್ದೇನೆ, ಅಳುತ್ತಿದ್ದಳು ಎಂದು ಕೆಲವೊಮ್ಮೆ. ದೀಪ ಅಷ್ಟು ದೂರ ಬೀಳುತ್ತಿರಲಿಲ್ಲ.

ಪರದೆ ಎಳೆದೆ. "ಊಟಕ್ಕೆ ಮುಂಚೇನೇ ಮುಗೀತಲ್ಲಪ್ಪಾ!" ಎಂದು ಗೊಣಗುತ್ತ ಜನ ಚಾಪೆ ಸುತ್ತಿಕೊಂಡರು. ನನ್ನ ನಾಟಕ ಹಾಳಾಗಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅಂದು ಎದುರು ಮನೆಯವನನ್ನು ಅಕ್ಕ ಊಟಕ್ಕೆ ನಮ್ಮಲ್ಲೇ ಕೂರಿಸಿದಳು. ಅವನು ಸಾಕು ಸಾಕೆಂದರೂ ಕೇಳದೆ ಮುದ್ದೆಯ ಮೇಲೆ ಮುದ್ದೆ ಇಟ್ಟಳು. "ಸತ್ತೋನಿಗೆ ಒಂದೇ, ನೀರು ಬಿಟ್ಟೋನಿಗೆ ಮೂರಾ?" ಎಂದು ಭಾವ ರೇಗಿಸಿದ. "ಹೂಂ, ಮೂರೇ," ಎಂದಳು ಅಕ್ಕ. ತಟ್ಟೆ ತೆಗೆಯುವಾಗ, ಯಾರಿಗೂ ಅಲ್ಲದ ಹಾಗೆ, "ಎಲ್ಲಾ ಕಡೆ ಮನುಷ್ಯರೇ ಇರ್ತಾರೆ ಬಿಡು," ಎಂದಳು. ಅದು ತೀರ್ಮಾನವೋ ಪ್ರಶ್ನೆಯೋ ನಾನು ಕೇಳಲಿಲ್ಲ.

ಯುದ್ಧ ಮುಗಿಯಿತು. ಸುತ್ತಮುತ್ತಲ ಊರಿನವರು ಕೆಲವರು ಹಿಂತಿರುಗಿದರು. ಅಣ್ಣ ಬರಲಿಲ್ಲ, ಅವನು ಸತ್ತ ಸುದ್ದಿಯೂ ಬರಲಿಲ್ಲ. ಅವನು ಆ ಹಡಗು ಹತ್ತಿದನೋ ಇಲ್ಲವೋ, ಅದೂ ನಮಗೆ ಗೊತ್ತಿಲ್ಲ.